ತಾತ ಬರ್ಮಾ ಯುದ್ಧಕ್ಕೆ ಹೋಗಿದ್ದರು ಅಂತಾರೆ, ದಾಖಲೆ ಎಲ್ಲಿ ಹುಡುಕೋದು?

ಹುಣಸೆತೋಪು
ಎಲ್ಲರಿಗೂ ನಮಸ್ಕಾರ. ನಮ್ಮದು ನಾಗಮಂಗಲದ ಕಡೆ ಒಂದು ಹಳ್ಳಿ. ನಮ್ಮಪ್ಪನ ತಂದೆ ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದರು. ಊರಲ್ಲಿ ಈಗಲೂ ನಮ್ಮ ಮನೆಗೆ 'ಮಿಲ್ಟ್ರಿಯವರ ಮನೆ' ಅಂತಲೇ ಹೆಸರು. ತಾತ ತೀರಿಕೊಂಡಾಗ ನನಗೆ ಆರು ವರ್ಷ. ಅಪ್ಪನೂ ಈಗಿಲ್ಲ. ಏನಾದರೂ ಗೊತ್ತಿರೋರು ಅಂದರೆ ನಮ್ಮ ಸೋದರತ್ತೆ ಒಬ್ಬರೇ. ಅವರು ಹುಟ್ಟಿದ್ದೂ ತಾತ ಯುದ್ಧದಿಂದ ವಾಪಸ್ ಬಂದಮೇಲೆ, 1947ರಲ್ಲಿ.

ಗೊತ್ತಿರೋದು ಇಷ್ಟೇ. 'ಬರ್ಮಾ ಯುದ್ಧಕ್ಕೆ' ಹೋಗಿದ್ದರು. ಹತ್ತಿರ ಹತ್ತಿರ ನಾಲ್ಕು ವರ್ಷ ಸುದ್ದಿಯೇ ಇರಲಿಲ್ಲ. ಅಜ್ಜಿ ಕುಂಕುಮ ಇಟ್ಕೋಬೇಕೋ ಬೇಡವೋ ಅಂತ ಊರವರು ಮಾತಾಡ್ಕೊಳ್ಳೋ ಹೊತ್ತಿಗೆ ಒಂದು ಸಂಜೆ ನಡ್ಕೊಂಡು ಬಂದು ಜಗಲಿ ಮೇಲೆ ಕೂತರಂತೆ. ಯುದ್ಧದ ಮಾತು ಎತ್ತಿದರೆ ಎದ್ದು ಹೊಲದ ಕಡೆ ಹೋಗಿಬಿಡೋರು. ಟ್ರಂಕಿನಲ್ಲಿ ಎರಡು ಪದಕ ಇದಾವೆ, ಒಂದು ಬೆಳ್ಳಿ ಥರ ದುಂಡಗಿದೆ, ಇನ್ನೊಂದು ಆರು ಮೂಲೆಯ ನಕ್ಷತ್ರ. ಒಂದು ಹಳೇ ನೋಟೂ ಇದೆ. ಡಿಸ್ಚಾರ್ಜ್ ಕಾಗದ ಗೆದ್ದಲು ತಿಂದು ಹೋಯ್ತಂತೆ.

ಸೈನಿಕರಿಗೆ ಸಂಬಂಧಪಟ್ಟ ಒಂದು ಕಚೇರಿಗೆ ಹೋಗಿದ್ದೆ. "ನಂಬರ್ ಏನು, ರೆಜಿಮೆಂಟ್ ಯಾವುದು" ಅಂದರು. ಎರಡೂ ಗೊತ್ತಿಲ್ಲ ಅಂದಾಗ ಫೈಲಿಂದ ತಲೆ ಎತ್ತಲಿಲ್ಲ. ಅತ್ತೆ ಇರುವಾಗಲೇ ಅವರಿಗೆ ಇದನ್ನ ತಿಳಿಸಬೇಕು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡ್ಲಿ?

ಗಟ್ಟಿಮೇಳ
ಬೆಳಗಾವಿಗೆ ಬರೆಯಿರಿ. ಕರ್ನಾಟಕದವರದೆಲ್ಲಾ ಅಲ್ಲೇ ಇರತ್ತೆ.

ಮಲಪ್ರಭಾ_ದಂಡಿ
ಎಲ್ಲಾರದೂ ಇರೂದಿಲ್ಲರೀ. ಬೆಳಗಾವಿ ಅಂದ್ರ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ. ನಮ್ಮ ಮುತ್ಯಾ ಅದರಾಗ ಇದ್ದರು, ಇಟಲಿಗೆ ಹೋಗಿದ್ದರು, ಹಂಗಾಗಿ ನಮಗ ಅಲ್ಲೇ ಕೆಲಸ ಆತು. ನಾಗಮಂಗಲದವರು ಮದ್ರಾಸ್ ಸ್ಯಾಪರ್ಸ್ ಇರಬಹುದು, ಪಯೋನಿಯರ್ ಕೋರ್ ಇರಬಹುದು, ಸರ್ವಿಸ್ ಕೋರ್ ಇರಬಹುದು. ಆ ಮೂರರ ಕೇಂದ್ರಗಳೂ ಬೆಂಗಳೂರಾಗ ಅದಾವ. ಮೊದಲ ರೆಜಿಮೆಂಟ್ ಯಾವುದು ಅನ್ನೂದು ಗೊತ್ತಾಗಬೇಕು. ಅದು ಗೊತ್ತಿಲ್ಲದ ಪತ್ರ ಬರದರ ಯಾರೂ ಉತ್ತರ ಕೊಡೂದಿಲ್ಲ.

ಹವಾಲ್ದಾರ್_ಕ್ಲರ್ಕ್_ನಿವೃತ್ತ
ನಾನು ಸೈನ್ಯದ ದಾಖಲೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಮೇಲಿನವರು ಸರಿಯಾಗಿ ಹೇಳಿದ್ದಾರೆ. ಸಿಪಾಯಿಗಳ ದಾಖಲೆ ದೆಹಲಿಯಲ್ಲಿ ಒಂದೇ ಕಡೆ ಇಟ್ಟಿರಲ್ಲ. ಪ್ರತಿ ರೆಜಿಮೆಂಟಿಗೂ ತನ್ನದೇ ದಾಖಲೆ ಕಚೇರಿ. ಅಲ್ಲಿ ಸಿಪಾಯಿಯ ಹೆಸರಿನಲ್ಲಿ 'ಶೀಟ್ ರೋಲ್' ಇರತ್ತೆ: ಊರು, ತಂದೆ ಹೆಸರು, ಭರ್ತಿ ಆದ ದಿನ, ಎಲ್ಲೆಲ್ಲಿದ್ದರು, ಯಾಕೆ ಬಿಟ್ಟರು, ಎಲ್ಲಾ. ಆದರೆ ಪಿಂಚಣಿ ಇಲ್ಲದೆ ಬಿಟ್ಟವರ ಶೀಟ್ ರೋಲನ್ನ 25 ವರ್ಷ ಆದಮೇಲೆ ನಾಶ ಮಾಡೋದು ನಿಯಮ. ಆಮೇಲೆ ಉಳಿಯೋದು 'ಲಾಂಗ್ ರೋಲ್', ಅಂದರೆ ಒಬ್ಬರಿಗೆ ಒಂದು ಸಾಲಿನ ದೊಡ್ಡ ರಿಜಿಸ್ಟರ್. ಆ ಒಂದು ಸಾಲು ಸಿಕ್ಕರೂ ದೊಡ್ಡದು ಅಂದ್ಕೊಳ್ಳಿ.

ನಿಮ್ಮ ತಾತನಿಗೆ ಪಿಂಚಣಿ ಬರ್ತಿತ್ತಾ?

ಹುಣಸೆತೋಪು
ಇಲ್ಲ ಸರ್. ಪಿಂಚಣಿ ಇರಲಿಲ್ಲ ಅಂತ ಅತ್ತೆ ಖಚಿತವಾಗಿ ಹೇಳ್ತಾರೆ.

ಕಡಲತಡಿ
ಆ ಕಚೇರಿಯಲ್ಲಿ ತಲೆ ಎತ್ತದವರ ಬಗ್ಗೆ ಬೇಜಾರು ಮಾಡ್ಕೊಳ್ಬೇಡಿ ಮಾರಾಯ್ರೆ. ನಮ್ಮ ದೊಡ್ಡಪ್ಪನ ವಿಷಯದಲ್ಲೂ ಹಾಗೇ ಆಯ್ತು, ಬೇರೆ ಊರಲ್ಲಿ. ಎರಡನೇ ಸಲ ಹೋದಾಗ ಮೂಲೆಯಲ್ಲಿ ಕೂತಿದ್ದ ಅಟೆಂಡರ್ ಒಬ್ಬರು ಎದ್ದು ಬಂದು, ಯಾವ ರಿಜಿಸ್ಟರ್ ಕೇಳಬೇಕು ಅಂತ ಹೇಳಿಕೊಟ್ಟರು.

ಪದಕಪೆಟ್ಟಿಗೆ
ಪದಕದ ಫೋಟೋ ಹಾಕಿ. ನಾನು ಇಪ್ಪತ್ತು ವರ್ಷದಿಂದ ಪದಕ ಸಂಗ್ರಹಿಸ್ತಿದೀನಿ. ಆ ಯುದ್ಧದ ನಕ್ಷತ್ರಗಳೆಲ್ಲಾ ಒಂದೇ ಅಚ್ಚು: ಆರು ಮೂಲೆ, ನಡುವೆ ದೊರೆಯ ಮೊಹರು, ಮೇಲೆ ಕಿರೀಟ, ಸುತ್ತಲಿನ ಬಳೆಯಲ್ಲಿ ಹೆಸರು. ಬರ್ಮಾ, ಪೆಸಿಫಿಕ್, ಆಫ್ರಿಕಾ, ಇಟಲಿ, ಏನೇ ಇದ್ದರೂ ಬದಲಾಗೋದು ಆ ಹೆಸರು ಮತ್ತೆ ರಿಬ್ಬನ್ನು ಅಷ್ಟೇ. ದುಂಡಗಿರೋದರ ಹಿಂದೆ ಸಿಂಹ ಒಂದು ಎರಡು ತಲೆಯ ಡ್ರಾಗನ್ ಮೇಲೆ ನಿಂತಿದ್ದರೆ ಅದು ಯುದ್ಧ ಪದಕ, 1939–45. ಭಾರತದ ಭೂಪಟ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್, ಅದು ಬೇರೆ.

ಹುಣಸೆತೋಪು
ಸಿಂಹವೇ ಇದೆ. ನಕ್ಷತ್ರದ ಬಳೆಯಲ್ಲಿ ಅಕ್ಷರ ಕಾಣ್ತಾ ಇಲ್ಲ, ಪೂರ್ತಿ ಸವೆದಿದೆ. ಅತ್ತೆ ಪ್ರತಿ ಆಯುಧಪೂಜೆಗೆ ಎರಡನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ಕುಡುಗೋಲಿನ ಪಕ್ಕ ಇಟ್ಟು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ತಾರೆ. ಅಜ್ಜಿಯ ಕಾಲದಿಂದಲೂ ಹಾಗೇ.

ಪದಕಪೆಟ್ಟಿಗೆ
ಅಯ್ಯೋ, ಇನ್ಮೇಲೆ ತಿಕ್ಕಬೇಡಿ ಅಂತ ದಯವಿಟ್ಟು ಹೇಳಿ! ಹುಣಸೆಹುಳಿ ಲೋಹವನ್ನೇ ತಿನ್ನತ್ತೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೇವಂತಿಗೆ
ಎಪ್ಪತ್ತೈದು ವರ್ಷ ಒಂದು ಮನೆಯವರು ಪೂಜೆ ಮಾಡ್ಕೊಂಡು ಬಂದಿದಾರೆ. ಅಕ್ಷರ ಸವೆದಿದ್ದರೆ ಸವೆಯಲಿ ಬಿಡಿ. ಕಪಾಟಿನ ಗಾಜಿನ ಹಿಂದೆ ಹೊಳೆಯೋದಕ್ಕಿಂತ ಇದೇ ಮೇಲು.

ಪದಕಪೆಟ್ಟಿಗೆ
ಸೇವಂತಿಗೆ ಅವರೇ, ಪೂಜೆ ಬೇಡ ಅಂದಿಲ್ಲ, ಹುಣಸೆಹಣ್ಣು ಬೇಡ ಅಂದೆ. ಆ ಅಕ್ಷರ ಇದ್ದಿದ್ದರೆ ಇವರು ಇವತ್ತು ಈ ಪ್ರಶ್ನೆ ಕೇಳಬೇಕಾಗಿಯೇ ಇರಲಿಲ್ಲ.

ಹುಣಸೆತೋಪು, ರಿಬ್ಬನ್ನಿನ ಚೂರಾದರೂ ಉಳಿದಿದೆಯಾ? ಯಾವ ಬಣ್ಣ?

ಹುಣಸೆತೋಪು
ಕೊಂಡಿಯ ಹತ್ತಿರ ಬೆರಳಗಲ ಉಳಿದಿದೆ. ಹಸಿರು, ನಡುವೆ ಹಳದಿ ಗೆರೆ. ಅಂಚಿನಲ್ಲಿ ಕೆಂಪೋ ಏನೋ ಇದ್ದ ಹಾಗಿದೆ.

ಪದಕಪೆಟ್ಟಿಗೆ
ಹಾಗಾದರೆ ಅದು ಬರ್ಮಾ ಸ್ಟಾರ್ ಅಲ್ಲವೇ ಅಲ್ಲ! ಬರ್ಮಾದ್ದು ಕಡುನೀಲಿ, ನಡುವೆ ದಪ್ಪ ಕೆಂಪು, ಅಕ್ಕಪಕ್ಕ ಕಿತ್ತಳೆ. ಹಸಿರು-ಹಳದಿ ಅಂದರೆ ಪೆಸಿಫಿಕ್ ಸ್ಟಾರ್. ಅದರ ಜೊತೆ 1939–45 ಸ್ಟಾರ್ ಅಂತ ಇನ್ನೊಂದು ನಕ್ಷತ್ರವೂ ಬಂದಿರಬೇಕು. ಒಂದು ಕಳೆದುಹೋಗಿದೆ.

ಗಟ್ಟಿಮೇಳ
ಪೆಸಿಫಿಕ್ ಅಂದರೆ ಅಮೆರಿಕ-ಜಪಾನ್ ಯುದ್ಧ ಅಲ್ವಾ? ನಾಗಮಂಗಲದವರು ಅಲ್ಲಿಗೆ ಹೇಗೆ ಹೋಗ್ತಾರೆ?

ಪದಕಪೆಟ್ಟಿಗೆ
ಮಲಯಾ, ಸಿಂಗಾಪುರ, ಹಾಂಗ್‌ಕಾಂಗ್‌ಗಳಲ್ಲಿ ಜಪಾನೀಯರ ಎದುರು ನಿಂತವರಿಗೂ ಅದನ್ನೇ ಕೊಟ್ಟಿದ್ದು.

ಕಾವೇರಿಮೂಲ
ಎರಡೂ ಇರಬಹುದಲ್ಲ, ಪೆಸಿಫಿಕ್ ಮತ್ತು ಬರ್ಮಾ? ಇನ್ನೊಂದು ಕಳೆದಿರಬಹುದು.

ಪದಕಪೆಟ್ಟಿಗೆ
ಎರಡೂ ಕೊಡ್ತಿರಲಿಲ್ಲ. ಎರಡಕ್ಕೂ ಅರ್ಹತೆ ಇದ್ದವರಿಗೆ ಮೊದಲು ಗಳಿಸಿದ್ದನ್ನ ಕೊಟ್ಟು, ಇನ್ನೊಂದರ ಹೆಸರಿನ ಪಟ್ಟಿಯನ್ನ ರಿಬ್ಬನ್ ಮೇಲೆ ಹಾಕೋರು.

ಹವಾಲ್ದಾರ್_ಕ್ಲರ್ಕ್_ನಿವೃತ್ತ
ನನಗೂ ಮೊದಲಿಂದ ಅನುಮಾನ ಇತ್ತು. ಬರ್ಮಾ ರಂಗದಲ್ಲಿದ್ದವರು ಕಾಗದ ಬರೀತಿದ್ದರು, ಮನಿಯಾರ್ಡರ್ ಬರ್ತಿತ್ತು, ರಜೆ ಸಿಕ್ಕರೆ ಊರಿಗೂ ಬರ್ತಿದ್ದರು. ನಾಲ್ಕು ವರ್ಷ ಸುದ್ದಿಯೇ ಇಲ್ಲ ಅಂದರೆ ಅದಕ್ಕೆ ಅರ್ಥ ಒಂದೇ. ಸಿಂಗಾಪುರ ಬಿದ್ದಿದ್ದು 15 ಫೆಬ್ರವರಿ 1942. ಅಲ್ಲಿ ಜಪಾನೀಯರು ಶರಣಾಗಿದ್ದು 12 ಸೆಪ್ಟೆಂಬರ್ 1945. ಮೂರು ವರ್ಷ ಏಳು ತಿಂಗಳು. ನಿಮ್ಮ ಅಜ್ಜಿಯ ಲೆಕ್ಕ ಸರಿಯಾಗಿದೆ. ನಿಮ್ಮ ತಾತ ಜಪಾನೀಯರ ಸೆರೆಯಲ್ಲಿದ್ದರು ಅಂತ ನನ್ನ ಅಂದಾಜು.

ಆ ಹಳೇ ನೋಟಿನ ಮೇಲೆ ಏನಿದೆ?

ಹುಣಸೆತೋಪು
ಸರ್, ಇದನ್ನ ಓದಿ ಕೈ ನಡುಗ್ತಿದೆ. ನೋಟಿನ ಮೇಲೆ ಬಾಳೆಗಿಡ ಇದೆ, ಗೊನೆ ಸಮೇತ. ಹತ್ತು ಅಂತ ಇದೆ. ಅದಕ್ಕೆ ನಾವು ಚಿಕ್ಕವರಿದ್ದಾಗ 'ಬಾಳೆ ನೋಟು' ಅಂತಲೇ ಆಟ ಆಡ್ತಿದ್ವಿ.

ಶಿವನಸಮುದ್ರ_ಸಿಂಗಪುರದಲ್ಲಿ
ಬಾಳೆ ನೋಟು! ಇಲ್ಲಿನವರೂ ಅದನ್ನ ಬಾಳೆ ದುಡ್ಡು ಅಂತಲೇ ಕರೆಯೋದು. ನಾನು ಹದಿನೈದು ವರ್ಷದಿಂದ ಸಿಂಗಾಪುರದಲ್ಲಿದೀನಿ. ಜಪಾನೀಯರು ಇಲ್ಲಿ ಆಳ್ವಿಕೆ ಮಾಡಿದಾಗ ಅಚ್ಚು ಹಾಕಿಸಿದ ಹತ್ತು ಡಾಲರ್ ನೋಟು ಅದು. ಮೂಲೆಯಲ್ಲಿ ಕೆಂಪು ಅಕ್ಷರ ನೋಡಿ. 'ಎಂ' ಇಂದ ಶುರುವಾಗಿದ್ದರೆ ಮಲಯಾ. ಬರ್ಮಾಕ್ಕೆ ಅಚ್ಚು ಮಾಡಿದ್ದು ರೂಪಾಯಿ, ಅದಕ್ಕೆ 'ಬಿ' ಹಾಕೋರು.

ಹುಣಸೆತೋಪು
'ಎಂ' ಇದೆ.

ಸೇವಂತಿಗೆ
ಓದ್ತಾ ಇದ್ದರೆ ಮೈ ಜುಂ ಅನ್ನತ್ತೆ. ಅತ್ತೆಯವರನ್ನ ಇನ್ನೂ ಕೇಳಿ. ಯುದ್ಧದ ಬಗ್ಗೆ ಕೇಳಬೇಡಿ, ತಾತ ದಿನಾ ಏನು ಮಾಡ್ತಿದ್ದರು, ಏನು ತಿಂತಿದ್ದರು, ಯಾವುದಕ್ಕೆ ಸಿಟ್ಟು ಬರ್ತಿತ್ತು ಅಂತ ಕೇಳಿ.

ಹುಣಸೆತೋಪು
ನಿನ್ನೆ ರಾತ್ರಿ ಅತ್ತೆ ಹತ್ತಿರ ಎರಡು ಗಂಟೆ ಕೂತಿದ್ದೆ. ಸೇವಂತಿಗೆ ಅವರು ಹೇಳಿದ ಹಾಗೇ ಕೇಳಿದೆ. ಹೇಳಿದ್ದನ್ನೆಲ್ಲಾ ಹಾಗೇ ಬರೀತೀನಿ.

ತಟ್ಟೆಯಲ್ಲಿ ಒಂದಗುಳು ಬಿಟ್ಟರೂ ಸಹಿಸ್ತಿರಲಿಲ್ಲ. ಮರಗೆಣಸು ಮನೆಗೆ ತರೋ ಹಾಗಿರಲಿಲ್ಲ, ವಾಸನೆ ಬಂದರೆ ಊಟ ಬಿಟ್ಟು ಏಳೋರು. ಅಡುಗೆ ಮನೆಗೆ 'ಲಂಗರು' ಅನ್ನೋರು, ಸೈನ್ಯದವರ ಮಾತಂತೆ ಅದು.

ತೆಂಗಿನಕಾಯಿ ಎಣಿಸುವಾಗ ನಮ್ಮ ಥರ ಒಂದು ಎರಡು ಅಂತ ಎಣಿಸ್ತಿರಲಿಲ್ಲವಂತೆ. ಅತ್ತೆಗೆ ಅದು ಬಾಯಿಪಾಠ, ನನಗೆ ಹೇಳಿ ತೋರಿಸಿದರು: "ಇಚ್ಚಿ, ನೀ, ಸಾನು, ಸೀ, ಗೋ, ರೊಕ್ಕು." ಚಿಕ್ಕವಳಿದ್ದಾಗ ಅವರು ಇದನ್ನ ರೊಕ್ಕದ ಪದ್ಯ ಅಂದ್ಕೊಂಡಿದ್ದರಂತೆ, ಕಾಯಿ ಮಾರಿದರೆ ರೊಕ್ಕ ಬರತ್ತಲ್ಲ, ಅದಕ್ಕೆ. ಕುಂಟೆಬಿಲ್ಲೆ ಆಡುವಾಗಲೂ ಹೇಳ್ಕೊಳ್ತಿದ್ದರಂತೆ. ಒಂದು ದಿನ ತಾತ ಅದನ್ನ ಕೇಳಿಸ್ಕೊಂಡು, "ಅದನ್ನ ನೀನು ಹೇಳಬ್ಯಾಡ ಮಗ" ಅಂದು ಒಳಗೆ ಹೋದರಂತೆ. ಅವತ್ತಿಂದ ಅವರೂ ಕನ್ನಡದಲ್ಲೇ ಎಣಿಸೋಕೆ ಶುರು ಮಾಡಿದರಂತೆ.

ಶಿವನಸಮುದ್ರ_ಸಿಂಗಪುರದಲ್ಲಿ
ಅದು ಜಪಾನೀ ಭಾಷೆ. ಇಚಿ, ನಿ, ಸಾನ್, ಶಿ, ಗೋ, ರೊಕು. ಒಂದರಿಂದ ಆರು.

ಮಲಪ್ರಭಾ_ದಂಡಿ
ಸೆರೆಯಾಳುಗಳನ್ನ ದಿನಾ ಸಾಲಾಗಿ ನಿಲ್ಲಿಸಿ ಜಪಾನೀ ಭಾಷಾದಾಗ ನಂಬರ್ ಕೂಗಸ್ತಿದ್ದರು. ತಪ್ಪಿದರ ಏಟು. ಹಿಂಗ ಕಲತಿದ್ದು ಅದು. ಆ ಹುಡುಗಿ ಕುಂಟೆಬಿಲ್ಲಿ ಆಡಕೋತ ಅದನ್ನ ಹೇಳಿದಾಗ ಅಜ್ಜಾರಿಗೆ ಏನ್ ಆಗಿರಬೇಡ.

ಕಾವೇರಿಮೂಲ
ಮರಗೆಣಸೂ ಅದಕ್ಕೇ. ಆಗ ಸಿಂಗಾಪುರದಲ್ಲಿ ಅಕ್ಕಿ ಇರಲಿಲ್ಲ, ಹೊಟ್ಟೆಗೆ ಮರಗೆಣಸೇ.

ಲಂಡನ್_ಓದುಗ
ಇತಿಹಾಸ ಓದ್ತಿದೀನಿ, ಆದ್ದರಿಂದ ಒಂದೆರಡು ಮಾತು. ಮೈಸೂರಿನವರು, ಸಿಂಗಾಪುರ ಅಂದ ಕೂಡಲೇ ನೋಡಬೇಕಾದ್ದು ಮೈಸೂರು ಇನ್‌ಫಂಟ್ರಿಯ ಒಂದನೇ ಬೆಟಾಲಿಯನ್. ಇದು ಬ್ರಿಟಿಷರ ಇಂಡಿಯನ್ ಆರ್ಮಿ ಅಲ್ಲ, ಮಹಾರಾಜರ ಸೈನ್ಯ. ಸಂಸ್ಥಾನಗಳು ತಮ್ಮ ಪಡೆಗಳನ್ನ ಯುದ್ಧಕ್ಕೆ ಕಳಿಸಿದವು. ಮಲಯಾ-ಸಿಂಗಾಪುರದಲ್ಲಿ ಮೈಸೂರು, ಹೈದರಾಬಾದ್, ಬಹಾವಲ್‌ಪುರ, ಜೀಂದ್, ಕಪೂರ್ತಲಾ ಸಂಸ್ಥಾನಗಳ ಪಡೆಗಳಿದ್ದವು. ಈ ವ್ಯತ್ಯಾಸ ಮುಖ್ಯ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ಕಡತಗಳಿವೆ, ಆದರೆ ಅಲ್ಲಿ ಅಧಿಕಾರಿಗಳ ವಿವರ ಸಿಗೋ ಥರ ಸಿಪಾಯಿಗಳದ್ದು ಸಿಗಲ್ಲ. ಸಂಸ್ಥಾನದ ಸಿಪಾಯಿ ಅಂದರೆ ಇನ್ನೂ ಕಷ್ಟ. ಅದಕ್ಕಾಗಿ ಲಂಡನ್ನಿಗೆ ದುಡ್ಡು ಸುರಿಯಬೇಡಿ.

ಗಟ್ಟಿಮೇಳ
ಮೈಸೂರು ಸೈನ್ಯ ಅಂದರೆ ಹೈಫಾ ಯುದ್ಧ ಅಲ್ವಾ? ಇಸ್ರೇಲಿನದ್ದು?

ಪದಕಪೆಟ್ಟಿಗೆ
ಅದು ಮೊದಲನೇ ಮಹಾಯುದ್ಧ, 23 ಸೆಪ್ಟೆಂಬರ್ 1918. ಹೋದವರು ಮೈಸೂರು ಲ್ಯಾನ್ಸರ್ಸ್, ಕುದುರೆ ಪಡೆ, ಜೋಧಪುರದವರ ಜೊತೆ. ದೆಹಲಿಯ ತೀನ್ ಮೂರ್ತಿಯಲ್ಲಿರೋ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕ ಇದೆ. ದಿನಾ ಅದರ ಮುಂದೆ ಬಸ್ಸಲ್ಲಿ ಹೋಗೋರಿಗೇ ಗೊತ್ತಿಲ್ಲ.

ಕೋಲಾರದ_ಕಲ್ಲು
ನಾನು ಅದೇ ಜೆ.ಸಿ. ನಗರದವನು! ಹುಡುಗರಾಗಿದ್ದಾಗ ಅದರ ಹತ್ತಿರ ಗೋಲಿ ಆಡ್ತಿದ್ವಿ, ಏನು ಅಂತ ಯಾರೂ ಹೇಳಿರಲಿಲ್ಲ.

ಹವಾಲ್ದಾರ್_ಕ್ಲರ್ಕ್_ನಿವೃತ್ತ
ವಿಷಯಕ್ಕೆ ಬರೋಣ. ಸಂಸ್ಥಾನಗಳು ವಿಲೀನ ಆದಮೇಲೆ ಮೈಸೂರು ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಗೆ ಸೇರಿತು. ಒಂದನೇ ಮೈಸೂರು ಇನ್‌ಫಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್. ನೀವು ಬರೆಯಬೇಕಾದ್ದು ಅಲ್ಲಿಗೆ. ಆದರೆ ನಂಬರ್ ಬೇಕು. ಪದಕದಲ್ಲಿ ಇರಬಹುದು ನೋಡಿ.

ಪದಕಪೆಟ್ಟಿಗೆ
ಅದನ್ನೇ ಬರೆಯೋಕೆ ಬಂದೆ. ಇಂಗ್ಲೆಂಡಿನ ಸಿಪಾಯಿಗಳ ಯುದ್ಧ ಪದಕಕ್ಕೆ ಹೆಸರು ಹಾಕಲಿಲ್ಲ, ಆದರೆ ಭಾರತೀಯರಿಗೆ ಕೊಟ್ಟದ್ದರಲ್ಲಿ ಹೆಸರು ಹಾಕ್ತಿದ್ದರು. ದುಂಡನೆ ಪದಕದ ಮುಖದಲ್ಲಿ ಹುಡುಕಬೇಡಿ, ಅಂಚಿನಲ್ಲಿ ನೋಡಿ, ನಾಣ್ಯದ ಅಂಚಿನ ಥರ. ಕಿಟಕಿ ಬೆಳಕಲ್ಲಿ ಓರೆಯಾಗಿ ಹಿಡಿದು ಭೂತಗನ್ನಡಿ ಹಾಕಿ. ಆ ಲೋಹ ನಕ್ಷತ್ರದ ಲೋಹಕ್ಕಿಂತ ಗಟ್ಟಿ, ಹುಣಸೆಹಣ್ಣಿಗೆ ಬಗ್ಗಿರಲಿಕ್ಕಿಲ್ಲ.

ಜೈಹಿಂದ್_ಹಾಸನ
ಎಲ್ಲರೂ ಒಂದು ವಿಷಯ ಬಿಟ್ಟಿದೀರಿ. ಸಿಂಗಾಪುರದ ಸೆರೆಯಾಳು ಅಂದರೆ ನೇತಾಜಿಯ ಆಜಾದ್ ಹಿಂದ್ ಫೌಜು! ಇವರ ತಾತ ಅದರಲ್ಲಿದ್ದಿರಲೇಬೇಕು. ಅದಕ್ಕೇ ಪಿಂಚಣಿ ಕೊಡದೆ ಬ್ರಿಟಿಷರು ದಾಖಲೆ ಅಳಿಸಿದಾರೆ.

ಲಂಡನ್_ಓದುಗ
'ಲೇಬೇಕು' ಅನ್ನೋ ಹಾಗಿಲ್ಲ. 17 ಫೆಬ್ರವರಿ 1942ರಂದು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 45 ಸಾವಿರ ಭಾರತೀಯ ಸೈನಿಕರನ್ನ ಸೇರಿಸಿ ಜಪಾನೀಯರಿಗೆ ಒಪ್ಪಿಸಿದರು, ಅಲ್ಲೇ ಕ್ಯಾಪ್ಟನ್ ಮೋಹನ್ ಸಿಂಗ್ ಫೌಜಿಗೆ ಕರೆ ಕೊಟ್ಟರು. ಸೇರಿದವರು ಸಾವಿರಾರು, ಸೇರದವರೂ ಸಾವಿರಾರು. 1942ರ ಕೊನೆಗೆ ಮೋಹನ್ ಸಿಂಗರನ್ನೇ ಜಪಾನೀಯರು ಬಂಧಿಸಿದರು, ಆ ಫೌಜು ಚದುರಿತು. ನೇತಾಜಿ ಬಂದದ್ದು 1943ರ ಜುಲೈಯಲ್ಲಿ. ಸೇರದವರಲ್ಲಿ ಬಹಳ ಜನರನ್ನ ಕೂಲಿ ಕೆಲಸಕ್ಕೆ ಹಡಗು ಹತ್ತಿಸಿ ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಸಾಗಿಸಿದರು. ಅವರಲ್ಲಿ ಎಷ್ಟೋ ಜನ ಹಸಿವು, ಮಲೇರಿಯಾದಿಂದ ಸತ್ತರು.

ಜೈಹಿಂದ್_ಹಾಸನ
ಸೇರದವರು ಬ್ರಿಟಿಷರ ಕೂಲಿಗಳಾಗೇ ಉಳಿದರು ಅಂತ ಅರ್ಥ.

ಮಲಪ್ರಭಾ_ದಂಡಿ
ಆ ಮಾತು ಇಲ್ಲಿ ಬ್ಯಾಡ್ರೀ. ಇಲ್ಲಿ ಒಬ್ಬರು ತಮ್ಮ ತಾತನ್ನ ಹುಡುಕಾಕತ್ತಾರ. ಮಹಾರಾಜರ ಸೈನ್ಯದಾಗ ಇದ್ದ ಹಳ್ಳಿ ಹುಡುಗ, ಉಪ್ಪು ತಿಂದ ಮನಿಗೆ ಮಾತು ಕೊಟ್ಟೀನಿ ಅಂತ ನಿಂತಿದ್ದರ ಅದು ಕೂಲಿತನ ಹೆಂಗಾಗತದ? ಸೇರಿದವರದು ಒಂದು ಧೈರ್ಯ, ಸೇರದ ಏಟು ತಿಂದವರದು ಇನ್ನೊಂದು.

ಕಾವೇರಿಮೂಲ
ನಮ್ಮ ಕೊಡಗಿನಲ್ಲೇ ನೋಡಿ. ಜನರಲ್ ತಿಮ್ಮಯ್ಯನವರು ಬರ್ಮಾದ ಅರಕಾನ್‌ನಲ್ಲಿ ಬೆಟಾಲಿಯನ್ ನಡೆಸ್ತಿದ್ದಾಗ ಅವರ ಒಡಹುಟ್ಟಿದ ಅಣ್ಣ ಎದುರು ಕಡೆ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ಮನೆ. ಇಬ್ಬರಲ್ಲಿ ಯಾರನ್ನ ಬಿಡ್ತೀರಿ?

ಜೈಹಿಂದ್_ಹಾಸನ
ಕೂಲಿ ಅಂದದ್ದು ತಪ್ಪಾಯ್ತು, ವಾಪಸ್ ತಗೊಳ್ತೀನಿ. ನನ್ನ ಅಜ್ಜಿಯ ತಮ್ಮ ಫೌಜಿನಲ್ಲಿದ್ದು ವಾಪಸ್ ಬರಲಿಲ್ಲ. ಆ ನೋವಿನಲ್ಲಿ ಬರೆದೆ. ಆದರೆ ಪರೀಕ್ಷೆ ಮಾಡದೆ 'ಇರಲಿಲ್ಲ' ಅಂತಲೂ ಹೇಳಬೇಡಿ.

ಹವಾಲ್ದಾರ್_ಕ್ಲರ್ಕ್_ನಿವೃತ್ತ
ಅದು ನ್ಯಾಯವಾದ ಮಾತು. ಪರೀಕ್ಷೆಗೆ ದಾರಿ ಇದೆ. ವಾಪಸ್ ಬಂದವರನ್ನ ಬ್ರಿಟಿಷರು ವಿಚಾರಣೆ ಮಾಡಿ, ಫೌಜಿನ ಜೊತೆ ಎಷ್ಟು ನಿಂತಿದ್ದರು ಅನ್ನೋದರ ಮೇಲೆ ವೈಟ್, ಗ್ರೇ, ಬ್ಲ್ಯಾಕ್ ಅಂತ ಮೂರು ಗುಂಪು ಮಾಡಿದರು. ಬ್ಲ್ಯಾಕ್ ಅಂದರೆ ವಜಾ, ಸೆರೆಯಲ್ಲಿದ್ದ ಕಾಲದ ಸಂಬಳವೂ ಮುಟ್ಟುಗೋಲು. ವೈಟ್ ಆದವರಿಗೆ ಬಾಕಿ ಸಂಬಳ ಕೈಗೆ ಬರ್ತಿತ್ತು. ಬಂದ ಮೇಲೆ ಮನೆಯಲ್ಲಿ ಹಣಕಾಸು ಹೇಗಿತ್ತು ಅಂತ ಅತ್ತೆಯವರನ್ನ ಕೇಳಿ.

ಫೌಜಿನ ಕಡತಗಳು ಬೇಕಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ರಕ್ಷಣಾ ಇಲಾಖೆ 1997ರಲ್ಲಿ 990 ಕಡತ ಅಲ್ಲಿಗೆ ಕೊಟ್ಟಿದೆ. ಜೈಹಿಂದ್ ಅವರೇ, ನಿಮ್ಮ ಅಜ್ಜಿಯ ತಮ್ಮನ ವಿವರ ಅಲ್ಲಿ ಹುಡುಕಿಸಿ. ಪತ್ರಾಗಾರದ 'ಅಭಿಲೇಖ ಪಟಲ' ಅನ್ನೋ ಜಾಲತಾಣದಲ್ಲಿ ಕಡತಗಳ ಪಟ್ಟಿ ಮನೆಯಿಂದಲೇ ನೋಡಬಹುದು.

ಜೈಹಿಂದ್_ಹಾಸನ
ಇದು ನನಗೆ ಗೊತ್ತಿರಲಿಲ್ಲ ಸರ್. ಇವತ್ತೇ ನೋಡ್ತೀನಿ.

ಕೋಲಾರದ_ಕಲ್ಲು
ಲಾಹೋರಿನಲ್ಲಿ ಲಕ್ಷಾಂತರ ಸೈನಿಕರ ರಿಜಿಸ್ಟರ್ ಸಿಕ್ಕಿದೆ ಅಂತ ಓದಿದ್ದೆ, ಅದರಲ್ಲಿ ನೋಡಬಹುದಾ?

ಲಂಡನ್_ಓದುಗ
ಅದು ಮೊದಲನೇ ಮಹಾಯುದ್ಧದ್ದು, ಪಂಜಾಬಿನವರದ್ದು ಮಾತ್ರ. ಮೈಸೂರು ಸಂಸ್ಥಾನದ್ದು ಬೇಕಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ, ವಿಧಾನಸೌಧದಲ್ಲೇ ಇದೆ, ಮೈಸೂರಿನಲ್ಲೂ ಅದರ ವಿಭಾಗೀಯ ಕಚೇರಿ ಇದೆ.

ಕಡಲತಡಿ
ತಾಲ್ಲೂಕು ಕಚೇರಿ ರೆಕಾರ್ಡ್ ರೂಮನ್ನೂ ಮರೀಬೇಡಿ. ಯುದ್ಧದಿಂದ ಬಂದವರಿಗೆ ದರಖಾಸ್ತಿನಲ್ಲಿ ಜಮೀನು ಕೊಟ್ಟಿದ್ದರೆ ಆ ಕಾಗದದಲ್ಲಿ ನಂಬರ್, ಹುದ್ದೆ ಎರಡೂ ಬರೆದಿರ್ತಾರೆ. ನಮ್ಮ ದೊಡ್ಡಪ್ಪನದ್ದು ಸಿಕ್ಕಿದ್ದೇ ಅಲ್ಲಿ. ಸೈನ್ಯದವರು ಕಳೆದುಕೊಂಡದ್ದನ್ನ ಶಾನುಭೋಗರು ಬರೆದಿಟ್ಟಿದ್ದರು.

ಹುಣಸೆತೋಪು
ಮೂರು ದಿನ ಬರೋಕಾಗಲಿಲ್ಲ, ಕ್ಷಮಿಸಿ. ಹೇಳೋದು ಬಹಳ ಇದೆ.

ಪದಕದ ಅಂಚು. ಊರ ಗಡಿಯಾರ ರಿಪೇರಿಯವರ ಹತ್ತಿರ ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಗಾಜು ಇರತ್ತಲ್ಲ, ಅದನ್ನ ತಂದೆ. ಬೆಳಗ್ಗೆ ಎಂಟು ಗಂಟೆ ಬಿಸಿಲಲ್ಲಿ ಹೊಸಿಲ ಮೇಲೆ ಕೂತು ಹಿಡಿದೆ. ಮೊದಲು ನಾಲ್ಕು ಅಂಕಿ ಕಾಣಿಸ್ತು, ಆಮೇಲೆ 'ಸಿಪಾಯಿ' ಅನ್ನೋದರ ಮೂರು ಅಕ್ಷರ, ಆಮೇಲೆ ತಾತನ ಹೆಸರು. ಕೊನೆಗೆ 'ಮೈಸೂರ್'. ಅತ್ತೆಗೆ ಇಂಗ್ಲಿಷ್ ಓದೋಕೆ ಬರಲ್ಲ. ಆದರೂ ಗಾಜು ತಗೊಂಡು ಕಣ್ಣಿಗಿಟ್ಟು, "ಎಲ್ಲಿ, ಅಪ್ಪನ ಹೆಸರು ಯಾವುದು ತೋರ್ಸು" ಅಂದರು. ಉಗುರಲ್ಲಿ ತೋರಿಸಿದೆ. ಅಲ್ಲೇ ಬೆರಳಿಟ್ಕೊಂಡು ಬಹಳ ಹೊತ್ತು ಕೂತಿದ್ದರು.

ತಾತನ ಹೆಸರು 'ನಂಜ' ಅಂತ ಶುರುವಾಗತ್ತೆ. ಪದಕದಲ್ಲಿ 'ಎನ್-ಯು-ಎನ್' ಅಂತ ಕೆತ್ತಿದಾರೆ, 'ಎನ್-ಎ-ಎನ್' ಅಲ್ಲ.

ಹಣಕಾಸಿನ ವಿಷಯ: ಬಂದ ವರ್ಷವೇ ಜೋಡಿ ಎತ್ತು ಕೊಂಡರಂತೆ, ಸಾಲ ಮಾಡದೆ. 'ಮಿಲ್ಟ್ರಿ ಎತ್ತು' ಅಂತಲೇ ಊರಲ್ಲಿ ಹೆಸರಿತ್ತಂತೆ.

ಇನ್ನೊಂದು. ತಾತ 'ಬಿಡದಿ ಕ್ಯಾಂಪಿನಲ್ಲಿ' ಇದ್ದರು, ಅಲ್ಲಿ ಬಹಳ ಜನ ಸತ್ತರು ಅಂತ ಅಜ್ಜಿ ಹೇಳ್ತಿದ್ದರಂತೆ. ರಾಮನಗರದ ಹತ್ತಿರದ ಬಿಡದಿಯಲ್ಲಿ ಸೈನ್ಯದ ಕ್ಯಾಂಪ್ ಇತ್ತಾ?

ಶಿವನಸಮುದ್ರ_ಸಿಂಗಪುರದಲ್ಲಿ
ಬಿಡದಿ ಅಲ್ಲ. ಬಿದಾದರಿ! ಇಲ್ಲಿ ಸಿಂಗಾಪುರದಲ್ಲಿದೆ. ಭಾರತೀಯ ಸೆರೆಯಾಳುಗಳನ್ನ ಇಟ್ಟಿದ್ದ ಕ್ಯಾಂಪುಗಳಲ್ಲಿ ಬಿದಾದರಿ ಒಂದು. ನಾನು ದಿನಾ ರೈಲಲ್ಲಿ ಅದರ ಕೆಳಗೇ ಹೋಗ್ತೀನಿ, ಈಗ ಅಲ್ಲೆಲ್ಲಾ ಹೊಸ ವಸತಿ ಕಟ್ಟಡಗಳು ಎದ್ದಿವೆ. ನಿಮ್ಮಜ್ಜಿ ಕೇಳಿದ ಹೆಸರನ್ನ ತಮಗೆ ಗೊತ್ತಿದ್ದ ಊರಿಗೆ ಹೊಂದಿಸ್ಕೊಂಡಿದಾರೆ.

ಸೇವಂತಿಗೆ
ಗಂಡ ಹೇಳಿದ ಹೆಸರನ್ನ ಮರೀಬಾರದು ಅಂತ ಪಾಪ.

ಹವಾಲ್ದಾರ್_ಕ್ಲರ್ಕ್_ನಿವೃತ್ತ
ನಂಬರ್ ಸಿಕ್ಕಿತಲ್ಲ, ಇನ್ನು ಅರ್ಧ ಕೆಲಸ ಮುಗೀತು. ಎತ್ತಿನ ಜೋಡಿ ನೋಡಿದರೆ ಬಾಕಿ ಸಂಬಳ ಬಂದಿರಬೇಕು, ಅಂದರೆ ಫೌಜಿಗೆ ಸೇರಿರಲಿಲ್ಲ ಅಂತ ಸೂಚನೆ. ಪುರಾವೆ ಅಲ್ಲ.

ಈಗ ಹೀಗೆ ಮಾಡಿ. ವೆಲ್ಲಿಂಗ್ಟನ್ನಿಗೆ ಒಂದು ಸಾದಾ ಪತ್ರ ಬರೆಯಿರಿ. ನಂಬರ್, ಹೆಸರು ಎರಡೂ ಕಾಗುಣಿತದಲ್ಲಿ, ತಂದೆ ಹೆಸರು, ಊರು, ತಾಲ್ಲೂಕು. ಊರಿನ ಹೆಸರನ್ನೂ ಅವತ್ತಿನ ಇಂಗ್ಲಿಷಿನಲ್ಲಿ ಹೇಗೆ ಬರೀತಿದ್ದರೋ ಹಾಗೆ ಆವರಣದಲ್ಲಿ ಹಾಕಿ. ಜೊತೆಗೆ ಪದಕದ ಫೋಟೋ, ನಿಮ್ಮ ಸಂಬಂಧ ತೋರಿಸೋ ವಂಶವೃಕ್ಷದ ಪ್ರತಿ, ಅದು ನಾಡಕಚೇರಿಯಲ್ಲಿ ಸಿಗತ್ತೆ. ಕೇಳೋದು ಒಂದೇ ವಾಕ್ಯ: 'ಲಾಂಗ್ ರೋಲ್ ನಮೂದಿನ ನಕಲು ಕೊಡಿ.' ಉತ್ತರ ಬರದಿದ್ದರೆ ಆಮೇಲೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಹಾಕಿ. ಮೊದಲೇ ಅದನ್ನ ಹಾಕಿದರೆ ಮನಸ್ಸು ಕೊಟ್ಟು ಹುಡುಕೋರು ಇರಲ್ಲ, ನಿಯಮ ನೋಡಿ ಉತ್ತರ ಬರೆಯೋರು ಸಿಕ್ತಾರೆ.

ಕಡಲತಡಿ
ನಾನು ಇದನ್ನ ಒಪ್ಪಲ್ಲ ಸರ್. ನಾವು ಸಾದಾ ಪತ್ರ ಬರೆದು ಹದಿನಾಲ್ಕು ತಿಂಗಳು ಕಾದ್ವಿ. ಮಾಹಿತಿ ಹಕ್ಕಿನಲ್ಲಿ ಹಾಕಿದಮೇಲೆ ತಿಂಗಳಲ್ಲಿ ಉತ್ತರ ಬಂತು.

ಹವಾಲ್ದಾರ್_ಕ್ಲರ್ಕ್_ನಿವೃತ್ತ
ಇರಬಹುದು. ಹಾಗಾದರೆ ಎರಡು ತಿಂಗಳು ಕಾಯಲಿ, ಅದಕ್ಕಿಂತ ಹೆಚ್ಚು ಬೇಡ. ಅತ್ತೆಯವರಿಗೆ ವಯಸ್ಸಾಗಿದೆ.

ಲಂಡನ್_ಓದುಗ
ಜಿನೀವಾದ ರೆಡ್‌ಕ್ರಾಸ್‌ನವರ ಹತ್ತಿರವೂ ಯುದ್ಧಕೈದಿಗಳ ಪಟ್ಟಿ ಇದೆ. ವರ್ಷದಲ್ಲಿ ಕೆಲವೇ ಸಲ ಅರ್ಜಿ ತಗೊಳ್ತಾರೆ, ಬಾಗಿಲು ತೆರೆದ ದಿನವೇ ಹಾಕಬೇಕು. ಜಪಾನೀಯರ ಸೆರೆಯಲ್ಲಿದ್ದ ಭಾರತೀಯರ ವಿವರ ಕಮ್ಮಿ, ಆದರೂ ಹಾಕಿ.

ಹುಣಸೆತೋಪು
ಎರಡೂ ಮಾಡ್ತೀನಿ. ಪತ್ರ ನಿನ್ನೆಯೇ ಪೋಸ್ಟಲ್ಲಿ ಹೋಯ್ತು.

ಇನ್ನೊಂದು ಕೇಳಬೇಕು. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಜಾಸ್ತಿ ಹಾಕ್ತಾರೆ. ತಾತ ಶುರು ಮಾಡಿದ್ದು. ಯಾರಿಗೆ ಅಂತ ಹೇಳ್ತಿರಲಿಲ್ಲ, "ಅವನಿಗೆ ಒಂದು" ಅನ್ನೋರಂತೆ. ಆ ಎಲೆಗೆ ಹೊಗೆಸೊಪ್ಪೂ ಬೀಡಿಯೂ ಇಡಬೇಕಿತ್ತು, ನಮ್ಮ ಮನೆಯಲ್ಲಿ ಯಾರೂ ಸೇದದೇ ಇದ್ದರೂ. ಸುಗ್ಗಿ ಆದಮೇಲೆ ವರ್ಷಕ್ಕೊಂದು ಸಲ ಬೆಳ್ಳೂರಿನ ಆಚೆ ಒಂದು ಹಳ್ಳಿಗೆ ಒಂದು ಮೂಟೆ ರಾಗಿ ತಗೊಂಡು ಹೋಗೋರಂತೆ, ಗಾಡಿಯಲ್ಲಿ ಯಾರನ್ನೂ ಕೂರಿಸ್ಕೊಳ್ತಿರಲಿಲ್ಲ. ಸತ್ತವರನ್ನ ಹುಡುಕೋಕೆ ಏನಾದರೂ ದಾರಿ ಇದೆಯಾ?

ಪದಕಪೆಟ್ಟಿಗೆ
ಇದೆ. ಬದುಕಿ ಬಂದವರಿಗಿಂತ ಸತ್ತವರನ್ನ ಹುಡುಕೋದು ಸುಲಭ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಹೆಸರಿದೆ, ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಬಹಳ ಕಡೆ 'ಇಂಥವರ ಮಗ, ಇಂಥ ಊರು, ಮೈಸೂರು' ಅಂತಲೂ ಬರೆದಿರತ್ತೆ. ಹೆಸರಿಂದ ಹುಡುಕಬೇಡಿ, ಕಾಗುಣಿತದಲ್ಲಿ ದಾರಿ ತಪ್ಪತ್ತೆ. ಪಡೆಯ ಹೆಸರು ಮೈಸೂರು ಇನ್‌ಫಂಟ್ರಿ ಅಂತ ಹಾಕಿ, ಬಂದ ಪಟ್ಟಿಯನ್ನ ಒಂದೊಂದಾಗಿ ಓದಿ.

ಶಿವನಸಮುದ್ರ_ಸಿಂಗಪುರದಲ್ಲಿ
ಸಮಾಧಿ ಇಲ್ಲದವರ ಹೆಸರುಗಳು ಇಲ್ಲಿ ಕ್ರಾಂಜಿಯ ಸ್ಮಾರಕದ ಗೋಡೆಗಳಲ್ಲಿವೆ, 24 ಸಾವಿರಕ್ಕೂ ಹೆಚ್ಚು. ಹೆಸರು ಸಿಕ್ಕರೆ ತಿಳಿಸಿ, ನಾನು ಹೋಗಿ ನೋಡ್ತೀನಿ. ಎಷ್ಟು ಹೊತ್ತಾದರೂ ಸರಿ.

ಹುಣಸೆತೋಪು
ಸಿಕ್ಕಿತು.

ರಾತ್ರಿ ಒಂದೂವರೆ ಗಂಟೆವರೆಗೆ ಓದಿದೆ. ಒಂದು ಕಡೆ ಊರಿನ ಹೆಸರು ಎಷ್ಟು ವಿಚಿತ್ರವಾಗಿ ಬರೆದಿದಾರೆ ಅಂದರೆ ಮೊದಲ ಸಲ ದಾಟಿ ಹೋಗಿಬಿಟ್ಟಿದ್ದೆ. ಬಾಯಿಬಿಟ್ಟು ಗಟ್ಟಿಯಾಗಿ ಓದಿದಾಗ ಗೊತ್ತಾಯ್ತು, ಬೆಳ್ಳೂರಿನ ಆಚೆಯ ಅದೇ ಹಳ್ಳಿ. ತೀರಿಕೊಂಡಿದ್ದು 1944. ತಂದೆಯ ಹೆಸರೂ ಇದೆ. ಸಿಪಾಯಿ ನಂಬರ್ ನಮ್ಮ ತಾತನ ನಂಬರಿಗೆ ಎರಡೇ ವ್ಯತ್ಯಾಸ. ಒಂದೇ ದಿನ ಸಾಲಲ್ಲಿ ನಿಂತು ಭರ್ತಿ ಆಗಿರಬೇಕು.

ಹೆಸರು ಇಲ್ಲಿ ಹಾಕಲ್ಲ. ಅವರ ಮನೆಯವರಿಗೆ ಮೊದಲು ಗೊತ್ತಾಗಬೇಕು. ಶಿವನಸಮುದ್ರ ಅವರೇ, ನಿಮಗೆ ಬೇರೆಯಾಗಿ ಕಳಿಸಿದೀನಿ.

ಶಿವನಸಮುದ್ರ_ಸಿಂಗಪುರದಲ್ಲಿ
ಇವತ್ತು ಬೆಳಗ್ಗೆ ಹೋಗಿ ಬಂದೆ. ಮಳೆ ಬರ್ತಿತ್ತು. ಹೆಸರು ಇದೆ, ಎದೆಮಟ್ಟಕ್ಕೆ, ಕೈಗೆ ಸಿಗೋ ಹಾಗಿದೆ. ಫೋಟೋ ಕಳಿಸಿದೀನಿ. ಹೋಗುವಾಗ ಲಿಟಲ್ ಇಂಡಿಯಾದಲ್ಲಿ ಒಂದು ಕಟ್ಟು ಬೀಡಿ ಸಿಗತ್ತಾ ಅಂತ ಹುಡುಕಿದೆ, ಸಿಗಲಿಲ್ಲ. ಒಂದು ಮೊಳ ಮಲ್ಲಿಗೆ ತಗೊಂಡು ಹೋಗಿ ಕೆಳಗಿಟ್ಟೆ.

ಮಲಪ್ರಭಾ_ದಂಡಿ
ನೀವು ಯಾರೋ, ಅವರು ಯಾರೋ. ದೇವರು ನಿಮ್ಮನ್ನ ಚಲೋ ಇಡ್ಲಿ.

ಹುಣಸೆತೋಪು
ಫೋಟೋ ಪ್ರಿಂಟ್ ಹಾಕಿಸಿದೀನಿ, ಎರಡು ಪ್ರತಿ. ಅತ್ತೆ ಒಂದನ್ನ ನೋಡಿ, "ಇಷ್ಟು ವರ್ಷ ಹೆಸರಿಲ್ಲದೆ ಉಣ್ಣಕ್ಕೆ ಇಕ್ಕಿದ್ವಲ್ಲೋ" ಅಂದರು. ಭಾನುವಾರ ಇಬ್ಬರೂ ಬೆಳ್ಳೂರಿನ ಕಡೆ ಹೋಗ್ತಿದೀವಿ. ಆ ಮನೆಯವರು ಈಗಲೂ ಅದೇ ಊರಲ್ಲಿದಾರೆ ಅಂತ ಅಲ್ಲಿನ ಪೋಸ್ಟ್‌ಮನ್ ಹತ್ತಿರ ವಿಚಾರಿಸ್ಕೊಂಡಿದೀನಿ. ಅತ್ತೆ ಇವತ್ತು ಬೆಳಗ್ಗೆಯಿಂದ ರಾಗಿ ಕೇರ್ತಾ ಕೂತಿದಾರೆ, ಒಂದು ಮೂಟೆ ತಗೊಂಡೇ ಹೋಗಬೇಕಂತೆ.